ರಜೆಯಲ್ಲಿ ಇಂಟರ್ನ್‌ಶಿಪ್ಪೋ, ಬೇಸಿಗೆ ಶಿಬಿರವೋ: ಉತ್ತರ ಕನ್ನಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಸೆಮಿಸ್ಟರ್ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಕಾರವಾರದಿಂದ ಭಟ್ಕಳದವರೆಗಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೊಬೈಲಿಗೆ ಎರಡು ಬಗೆಯ ಆಹ್ವಾನಗಳು ಬರತೊಡಗುತ್ತವೆ. ಒಂದು, ರೋಬೊಟಿಕ್ಸ್, ಡ್ರೋನ್, ಸೌರಶಕ್ತಿ, ಕೃತಕ ಬುದ್ಧಿಮತ್ತೆ ಇತ್ಯಾದಿ ವಿಷಯಗಳ ಮೇಲೆ ಒಂದೆರಡು ವಾರ ನಡೆಯುವ ಬೇಸಿಗೆ ಶಿಬಿರ. ಇನ್ನೊಂದು, ಯಾವುದೋ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ತಿಂಗಳುಗಟ್ಟಲೆ ಮಾಡಬೇಕಾದ ಇಂಟರ್ನ್‌ಶಿಪ್. ಎರಡರ ಕೊನೆಗೂ ಪ್ರಮಾಣಪತ್ರ ಸಿಗುವುದರಿಂದ ಮನೆಯವರ ದೃಷ್ಟಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ, ಶುಲ್ಕ ಕಡಿಮೆ ಇರುವುದನ್ನೋ ಮನೆಗೆ ಹತ್ತಿರವಿರುವುದನ್ನೋ ಆರಿಸಿದರಾಯಿತು ಎಂಬ ಭಾವನೆ ಇರುತ್ತದೆ. ಆದರೆ ವಿದ್ಯಾರ್ಥಿ ಕಲಿತು ಬರುವುದು ಎರಡು ಕಡೆಯೂ ಬೇರೆಬೇರೆ. ಈ ವ್ಯತ್ಯಾಸವನ್ನು ಅಳೆಯಲು ನಾನು ಬಳಸುವ ಪ್ರಶ್ನೆ ಒಂದೇ: ನೀವು ಈ ದಿನ ಮಾಡಿದ ಕೆಲಸವನ್ನು ನಾಳೆ ಬೆಳಿಗ್ಗೆ ಯಾರು ಬಳಸುತ್ತಾರೆ? ಯಾರೂ ಬಳಸುವುದಿಲ್ಲ ಎಂದಾದರೆ ಅದು ಶಿಬಿರ, ಹೆಸರು ಏನೇ ಇರಲಿ. ಯಾರಾದರೂ ಅದಕ್ಕಾಗಿ ಕಾಯುತ್ತಿದ್ದರೆ ಅದು ಇಂಟರ್ನ್‌ಶಿಪ್. ಶಿಬಿರವನ್ನು ಕೀಳಾಗಿಸುವ ಉದ್ದೇಶದಿಂದ ಈ ಮಾತು ಹೇಳುತ್ತಿಲ್ಲ. ಯಾರೂ ಬಳಸದ ಕೆಲಸದಲ್ಲಿ ಧೈರ್ಯವಾಗಿ ಕೆಡಿಸಿ ಕಲಿಯುವ ಅವಕಾಶವಿದೆ, ಮತ್ತು ಮೊದಲೆರಡು ವರ್ಷಗಳ ವಿದ್ಯಾರ್ಥಿಗೆ ಬಹುಮಟ್ಟಿಗೆ ಬೇಕಾದದ್ದೂ ಅದೇ.

ಶಿಬಿರದ ಕಲಿಕೆ

ಒಳ್ಳೆಯ ಶಿಬಿರವೊಂದು ವಿದ್ಯಾರ್ಥಿಯ ಕೈಗೆ ಉಪಕರಣ ಕೊಡುತ್ತದೆ. ಪಿಯುಸಿ ಎರಡು ವರ್ಷವೂ ಸಿಇಟಿಯ ಪ್ರಶ್ನೆಗಳನ್ನೇ ಬಿಡಿಸಿ ಬಂದ ಹುಡುಗ ಹುಡುಗಿಯರಲ್ಲಿ ಅನೇಕರು ಮೊದಲ ವರ್ಷದ ಕೊನೆಗೂ ಮಲ್ಟಿಮೀಟರನ್ನು ಸರಿಯಾದ ಸ್ಥಾನಕ್ಕೆ ತಿರುಗಿಸಲು ಹಿಂಜರಿಯುತ್ತಾರೆ, ಸೋಲ್ಡರಿಂಗ್ ಕಡ್ಡಿಯನ್ನು ಹಿಡಿದಿರುವುದೇ ಇಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಬ್ಯಾಚಿನ ಮೂರು ನಾಲ್ಕು ಮಂದಿಗೆ ಒಂದು ಕಿಟ್ ಇರುವಾಗ ಚುರುಕಾದವನೊಬ್ಬ ಜೋಡಣೆ ಮಾಡುತ್ತಾನೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಶಿಬಿರದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬೋರ್ಡ್ ಇದ್ದರೆ ಈ ತಪ್ಪಿಸಿಕೊಳ್ಳುವಿಕೆಗೆ ದಾರಿಯಿಲ್ಲ. ಆದ್ದರಿಂದ ಶಿಬಿರಕ್ಕೆ ಹೆಸರು ಕೊಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಯಾವ ವಿಷಯ ಕಲಿಸುತ್ತಾರೆ ಎಂಬುದಲ್ಲ, ಒಂದು ಕಿಟ್ ಎಷ್ಟು ಜನರಿಗೆ ಎಂಬುದು.

ರೇಖೆಯನ್ನು ಹಿಂಬಾಲಿಸುವ ಪುಟ್ಟ ರೋಬೊಟ್ ಬಹುತೇಕ ಶಿಬಿರಗಳಲ್ಲಿ ಮಾಡಿಸುವ ಅಭ್ಯಾಸ. ಬಿಳಿ ಹಾಳೆಯ ಮೇಲೆ ಕಪ್ಪು ಟೇಪ್ ಅಂಟಿಸಿರುತ್ತಾರೆ. ರೋಬೊಟ್‌ನ ಕೆಳಗಿರುವ ಎಲ್‌ಇಡಿ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣವನ್ನು ನೆಲಕ್ಕೆ ಬಿಡುತ್ತದೆ, ಬಿಳಿ ಭಾಗ ಅದನ್ನು ಪ್ರತಿಫಲಿಸುತ್ತದೆ, ಕಪ್ಪು ಹೀರಿಕೊಳ್ಳುತ್ತದೆ, ಆ ವ್ಯತ್ಯಾಸವನ್ನು ನೋಡಿ ಎಡ ಬಲ ಚಕ್ರಗಳು ತಿರುಗುತ್ತವೆ. ಕೊಠಡಿಯೊಳಗೆ ಸೊಗಸಾಗಿ ಓಡಿದ ಇದೇ ರೋಬೊಟನ್ನು ಮಧ್ಯಾಹ್ನದ ಬಿಸಿಲು ಬಿದ್ದ ಜಗಲಿಯ ಮೇಲೆ ಬಿಟ್ಟರೆ ಅದು ಗೆರೆಯನ್ನು ಬಿಟ್ಟು ಗೋಡೆಯ ಕಡೆಗೆ ಹೋಗುತ್ತದೆ, ಏಕೆಂದರೆ ಸೂರ್ಯನ ಬೆಳಕಿನಲ್ಲಿಯೂ ಅವಗೆಂಪು ಕಿರಣಗಳು ಹೇರಳವಾಗಿದ್ದು ಸಂವೇದಕಕ್ಕೆ ಬಿಳಿ ಯಾವುದು ಕಪ್ಪು ಯಾವುದು ಎಂದು ತಿಳಿಯದಂತಾಗುತ್ತದೆ. ಜಾಣ ಶಿಬಿರಕಾರರು ಬೇಕೆಂದೇ ಅದನ್ನು ಬಿಸಿಲಿಗೆ ತಂದು ತೋರಿಸುತ್ತಾರೆ ಮತ್ತು ಮುಂದಿನ ಅರ್ಧ ದಿನವನ್ನು ಅದರ ಪರಿಹಾರಕ್ಕೇ ಮೀಸಲಿಡುತ್ತಾರೆ. ಅಂಥವರಿಂದ ವಿದ್ಯಾರ್ಥಿ ನಿಜವಾಗಿ ಕಲಿಯುತ್ತಾನೆ. ಕಾರ್ಯಕ್ರಮದ ಪಟ್ಟಿ ಮುಗಿಸುವ ಆತುರದಲ್ಲಿರುವವರು ಓಡಿದ ರೋಬೊಟ್‌ನ ವಿಡಿಯೊ ಮಾಡಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸುತ್ತಾರೆ.

ಶಿಬಿರದ ದೊಡ್ಡ ಮಿತಿಯೂ ಇಲ್ಲೇ ಇದೆ. ಅಲ್ಲಿಯ ಸಮಸ್ಯೆಗೆ ಉತ್ತರ ಇದ್ದೇ ಇರುತ್ತದೆ, ಅದು ನಿಗದಿತ ದಿನಗಳೊಳಗೆ ಸಿಗುವಂತೆ ಮೊದಲೇ ಅಳೆದು ಇಟ್ಟಿರುತ್ತಾರೆ, ಬೇಕಾದ ಬಿಡಿಭಾಗಗಳೆಲ್ಲ ಡಬ್ಬಿಯಲ್ಲಿರುತ್ತವೆ. ಬಿಡಿಭಾಗಕ್ಕಾಗಿ ಹುಬ್ಬಳ್ಳಿಗೆ ಫೋನ್ ಮಾಡಿ, ಅದು ಬಸ್ಸಿನಲ್ಲಿ ಬರುವವರೆಗೆ ಯಂತ್ರವನ್ನು ಹೇಗೆ ನಡೆಸುವುದು ಎಂದು ತಲೆ ಕೆಡಿಸಿಕೊಳ್ಳುವ ಪರಿಸ್ಥಿತಿ ಅಲ್ಲಿ ಹುಟ್ಟುವುದೇ ಇಲ್ಲ.

ಇಂಟರ್ನ್‌ಶಿಪ್ಪಿನ ಕಲಿಕೆ

ಇಂಟರ್ನ್‌ಶಿಪ್ ಎಂದ ಕೂಡಲೇ ನಮ್ಮ ಜಿಲ್ಲೆಯವರ ಕಣ್ಣು ದೊಡ್ಡ ಸ್ಥಾವರಗಳ ಕಡೆಗೆ ಹೋಗುತ್ತದೆ, ಮತ್ತು ಅದಕ್ಕೆ ಕಾರಣವೂ ಇದೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿರುವ ಕೈಗಾ ಅಣುವಿದ್ಯುತ್ ಕೇಂದ್ರ, ಕಾಳಿ ನದಿಯ ನೀರನ್ನು ಮತ್ತೆ ಮತ್ತೆ ಬಳಸಿಕೊಳ್ಳುವ ಸೂಪಾ, ನಾಗಝರಿ, ಕೊಡಸಳ್ಳಿ ಮತ್ತು ಕದ್ರಾ ವಿದ್ಯುದಾಗಾರಗಳು, ದಾಂಡೇಲಿಯ ಕಾಗದದ ಕಾರ್ಖಾನೆ, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ಹಡಗುಗಳನ್ನೇ ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇರುವ ಕದಂಬ ನೌಕಾನೆಲೆ ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಇಷ್ಟು ವೈವಿಧ್ಯ ಇರುವ ಜಿಲ್ಲೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಆದರೆ ದೊಡ್ಡ ಸ್ಥಾವರದಲ್ಲಿ ವಿದ್ಯಾರ್ಥಿಗೆ ಸಿಗುವುದು ನೋಡುವ ಅವಕಾಶ, ಮುಟ್ಟುವ ಅವಕಾಶ ತೀರ ಕಡಿಮೆ. ಅಣುಸ್ಥಾವರ ಮತ್ತು ನೌಕಾನೆಲೆಯಂಥ ಕಡೆ ಭದ್ರತಾ ಪರಿಶೀಲನೆ ಇಲ್ಲದೆ ಗೇಟು ದಾಟಲು ಸಾಧ್ಯವಿಲ್ಲ, ದಾಟಿದ ಮೇಲೂ ಎಲ್ಲ ಕಡೆ ಬಿಡುವುದಿಲ್ಲ.

ಹಾಗಾದರೆ ಅಲ್ಲಿ ಕಲಿಯುವುದು ಏನು? ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಈ ಸಂಖ್ಯೆಯನ್ನು ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳುತ್ತಾರೆ, ಆದರೆ ಅದರ ಅರ್ಥವೇನೆಂದು ಯೋಚಿಸಿರುವುದಿಲ್ಲ. ಅಷ್ಟು ದಿನವೂ ಪ್ರತಿ ಪಾಳಿಯಲ್ಲಿ ಯಾರೋ ಒಬ್ಬರು ಅದೇ ಉಷ್ಣಾಂಶ, ಅದೇ ಒತ್ತಡ, ಅದೇ ಕಂಪನಗಳನ್ನು ನೋಡಿ ದಾಖಲಿಸಿದ್ದಾರೆ, ಮತ್ತು ಗಮನ ಸೆಳೆಯುವಂಥದ್ದು ಏನೂ ಆಗದಂತೆ ನೋಡಿಕೊಂಡಿದ್ದಾರೆ. ದೊಡ್ಡ ಸ್ಥಾವರದ ಇಂಟರ್ನ್‌ಶಿಪ್ ಕಲಿಸುವುದು ಈ ಶಿಸ್ತನ್ನು: ಪರ್ಮಿಟ್ ಇಲ್ಲದೆ ಪಾನಾ ಎತ್ತಬಾರದು, ಸ್ವಿಚ್ ಆಫ್ ಮಾಡಿ ಬೀಗ ಹಾಕಿ ಟ್ಯಾಗ್ ಕಟ್ಟದೆ ಪ್ಯಾನೆಲ್ ತೆರೆಯಬಾರದು, ಪಾಳಿ ಬದಲಾಗುವಾಗ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದೂ ಇಡಬೇಕು. ಉತ್ಸಾಹಿ ವಿದ್ಯಾರ್ಥಿಗೆ ಮೊದಲ ವಾರ ಇದು ಬೇಸರ ತರಿಸುತ್ತದೆ. ಅದೂ ಕಲಿಕೆಯ ಭಾಗವೇ ಎಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನು ಸಣ್ಣ ಘಟಕಗಳ ವಿಷಯ. ಜನ ಇವುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ನನ್ನ ಮೊದಲ ಶಿಫಾರಸು ಮೀನುಗಾರಿಕೆ ಬಂದರಿನ ಸುತ್ತಲಿನ ಐಸ್ ಪ್ಲಾಂಟ್. ಥರ್ಮೊಡೈನಾಮಿಕ್ಸ್ ಪುಸ್ತಕದಲ್ಲಿ ಒಂದು ಚಿತ್ರ, ಒಂದು ಗ್ರಾಫ್ ಆಗಿ ಬರುವ ಶೀತಲೀಕರಣ ಚಕ್ರ ಅಲ್ಲಿ ಗೋಡೆಯುದ್ದಕ್ಕೂ ಪೈಪುಗಳಾಗಿ ಹಬ್ಬಿರುತ್ತದೆ. ಸಾಮಾನ್ಯ ವಾಯುಭಾರದಲ್ಲಿ ಮೈನಸ್ 33 ಡಿಗ್ರಿಗೆ ಕುದಿಯುವ ಅಮೋನಿಯಾ ಉಪ್ಪುನೀರಿನ ತೊಟ್ಟಿಯ ಶಾಖವನ್ನು ಹೀರುತ್ತದೆ, ಆ ಉಪ್ಪುನೀರಿನಲ್ಲಿ ಮುಳುಗಿಸಿದ ಉದ್ದನೆಯ ಡಬ್ಬಗಳಲ್ಲಿ ಸಿಹಿನೀರು ಗಡ್ಡೆಕಟ್ಟುತ್ತದೆ. ಅನುಭವಿ ಆಪರೇಟರ್ ಮಾಪಕ ನೋಡುವುದಕ್ಕೆ ಮೊದಲು ಕಂಪ್ರೆಸರ್‌ಗೆ ಹೋಗುವ ಪೈಪಿನ ಮೇಲೆ ಹಿಮ ಎಲ್ಲಿಯವರೆಗೆ ಕಟ್ಟಿದೆ ಎಂದು ನೋಡುತ್ತಾನೆ. ಅದು ಕಂಪ್ರೆಸರ್‌ನ ತಲೆಯವರೆಗೂ ಬಂದರೆ ದ್ರವರೂಪದ ಅಮೋನಿಯಾವೇ ಒಳಗೆ ಹೋಗುತ್ತಿದೆ, ವಾಲ್ವ್ ಮುರಿದೀತು ಎಂದು ಅವನಿಗೆ ಗೊತ್ತು. ಎಲ್ಲಿಯೋ ಅಮೋನಿಯಾ ವಾಸನೆ ಬಂದರೆ ಗಂಧಕದ ಬತ್ತಿಯನ್ನು ಹೊತ್ತಿಸಿ ಪೈಪಿನ ಜೋಡಣೆಗಳ ಬಳಿ ಹಿಡಿಯುತ್ತಾರೆ, ಸೋರುವ ಜಾಗದಲ್ಲಿ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಇದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿದ ವಿದ್ಯಾರ್ಥಿ ವೈವಾದಲ್ಲಿ ಸೂಪರ್‌ಹೀಟ್ (ಆವಿ ತನ್ನ ಕುದಿಬಿಂದುವಿಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆ ಎಂಬ ಅಳತೆ) ಎಂದರೇನು ಎಂಬ ಪ್ರಶ್ನೆಗೆ ತಡವರಿಸುವುದಿಲ್ಲ. ಅಮೋನಿಯಾ ವಿಷಾನಿಲವಾದ್ದರಿಂದ ಮುಖವಾಡ ಎಲ್ಲಿದೆ, ಹೊರಗೋಡುವ ಬಾಗಿಲು ಯಾವುದು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು; ಅದನ್ನು ತೋರಿಸಲಾಗದ ಮಾಲೀಕನ ಘಟಕಕ್ಕೆ ಹೋಗಬಾರದು.

ಸಣ್ಣ ಘಟಕದಲ್ಲಿ ಇನ್ನೊಂದು ಲಾಭವಿದೆ. ಅಲ್ಲಿ ಹಣ ಎಲ್ಲಿ ಸೋರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ತಿಂಗಳ ವಿದ್ಯುತ್ ಬಿಲ್ಲು ಮಾಲೀಕನ ಮೇಜಿನ ಮೇಲೇ ಇರುತ್ತದೆ, ಪವರ್ ಫ್ಯಾಕ್ಟರ್ (ಪಡೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಇಳಿದದ್ದಕ್ಕೆ ಬಿದ್ದ ದಂಡವೂ ಅದರಲ್ಲಿರುತ್ತದೆ. ಕಡಲ ಗಾಳಿಗೆ ತಾಮ್ರದ ಟರ್ಮಿನಲ್ ಹಸಿರುಗಟ್ಟಿ, ಬೋಲ್ಟು ತುಕ್ಕು ಹಿಡಿದು, ಪವರ್ ಫ್ಯಾಕ್ಟರನ್ನು ಕಾಯುವ ಕೆಪಾಸಿಟರ್ ಸಂಪರ್ಕ ಬಿಟ್ಟಿರುವುದನ್ನು ವಿದ್ಯಾರ್ಥಿಯೇ ಪತ್ತೆಹಚ್ಚಿ, ಮಾಲೀಕನಿಗೆ ಎರಡು ಪುಟದ ವರದಿ ಕೊಟ್ಟರೆ ಆ ವರದಿಯನ್ನು ಮರುದಿನ ಬಳಸುವವರು ಇದ್ದಾರೆ.

ಸಿವಿಲ್ ವಿದ್ಯಾರ್ಥಿಗಳ ವಿಷಯದಲ್ಲಿ ಹೋಲಿಕೆ ಇನ್ನೂ ಸುಲಭ, ಅದನ್ನು ಕಾಂಕ್ರೀಟೇ ತೀರ್ಮಾನಿಸುತ್ತದೆ. ಸೈಟಿನಲ್ಲಿ ಎರಕ ಹಾಕಿದ 150 ಮಿಲಿಮೀಟರಿನ ಘನವನ್ನು 7ನೇ ದಿನ ಒಮ್ಮೆ, 28ನೇ ದಿನ ಮತ್ತೊಮ್ಮೆ ಒಡೆದು ನೋಡುತ್ತಾರೆ. ಒಂದು ವಾರದ ಶಿಬಿರದಲ್ಲಿ ಬೇರೆ ಯಾರೋ ಎರಕ ಹಾಕಿಟ್ಟ ಘನವನ್ನು ಒಡೆಯುವುದನ್ನು ನೋಡಬಹುದು. ನಾಲ್ಕು ವಾರ ಸೈಟಿನಲ್ಲಿದ್ದವನಿಗೆ ಮಾತ್ರ, ಮಳೆ ಬಂದ ದಿನ ನೀರು ಹೆಚ್ಚಾಗಿದ್ದ ತನ್ನದೇ ಮಿಶ್ರಣ 28 ದಿನಗಳ ಬಳಿಕ ಎಷ್ಟು ಭಾರಕ್ಕೆ ಬಿರುಕು ಬಿಟ್ಟಿತು ಎಂದು ತಿಳಿಯುತ್ತದೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದದ್ದು, ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದು ಈ ಜಿಲ್ಲೆಯ ಪ್ರತಿ ಮನೆಗೂ ಗೊತ್ತು. ಇಳಿಜಾರಿನ ಸ್ಥಿರತೆ, ಚರಂಡಿ, ಉಪ್ಪಿನಂಶದ ಗಾಳಿಯಲ್ಲಿ ಕಬ್ಬಿಣದ ಸರಳಿಗೆ ಹಿಡಿಯುವ ತುಕ್ಕು, ಇವು ನಮಗೆ ಪಠ್ಯದ ಅಧ್ಯಾಯಗಳಾಗಿ ಉಳಿದಿಲ್ಲ. ಇಲ್ಲಿಯ ಸಿವಿಲ್ ವಿದ್ಯಾರ್ಥಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟಿಗಿಂತ ಕರಾವಳಿಯ ರಸ್ತೆ, ತಡೆಗೋಡೆ ಅಥವಾ ಸೇತುವೆಯ ಸೈಟನ್ನು ಆರಿಸಿಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ.

ಕಂಪ್ಯೂಟರ್ ಸೈನ್ಸ್‌ನವರ ಕಷ್ಟ ಬೇರೆ. ಮನೆಯಲ್ಲೇ ಕುಳಿತು ಮಾಡುವ ಆನ್‌ಲೈನ್ ಇಂಟರ್ನ್‌ಶಿಪ್‌ಗಳು ಅವರಿಗೆ ಹೇರಳವಾಗಿ ಸಿಗುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟು ಶುಲ್ಕ ಪಡೆದು ವಿಡಿಯೊ ಪಾಠ ತೋರಿಸಿ, ಎಲ್ಲರಿಗೂ ಒಂದೇ ಪ್ರಾಜೆಕ್ಟ್ ಮಾಡಿಸುವ ಶಿಬಿರಗಳು. ವಿದ್ಯಾರ್ಥಿಯೇ ಹಣ ಕೊಡಬೇಕಾದ ಇಂಟರ್ನ್‌ಶಿಪ್ ಎಂದರೆ ಅನುಮಾನದಿಂದಲೇ ನೋಡಬೇಕು. ನೀವು ಬರೆದ ಕೋಡನ್ನು ಯಾರು ಪರಿಶೀಲಿಸುತ್ತಾರೆ, ಅದು ಯಾವ ಉತ್ಪನ್ನಕ್ಕೆ ಸೇರುತ್ತದೆ ಎಂದು ಕೇಳಿ. ಉತ್ತರ ಹಾರಿಕೆಯದಾದರೆ ಅದೇ ಪಾಠಗಳು ಐಐಟಿಗಳು ನಡೆಸುವ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಶಿರಸಿ, ಸಿದ್ದಾಪುರದ ಕಡೆಯವರು ತಮ್ಮೂರಿನ ಸಹಕಾರಿ ಸಂಘದ ದಾಸ್ತಾನು ಲೆಕ್ಕಕ್ಕೋ ಅಡಿಕೆ ವ್ಯಾಪಾರದ ದಾಖಲೆಗೋ ಪುಟ್ಟ ತಂತ್ರಾಂಶ ಬರೆದುಕೊಟ್ಟರೆ ಅದನ್ನು ಬಳಸುವ ಗುಮಾಸ್ತರು ಪ್ರತಿದಿನ ದೂರುತ್ತಾರೆ. ಆ ದೂರುಗಳಷ್ಟು ಒಳ್ಳೆಯ ಪಾಠ ಆನ್‌ಲೈನಿನಲ್ಲಿ ಸಿಗುವುದು ಕಷ್ಟ.

ಕಾಲ ನೋಡಿ ಆರಿಸುವುದು

ಹೆಸರು ಬೇಸಿಗೆ ಶಿಬಿರವಾದರೂ ಎಂಜಿನಿಯರಿಂಗ್ ರಜೆ ಬೇಸಿಗೆಯಲ್ಲೇ ಬೀಳುತ್ತದೆ ಎಂದೇನಿಲ್ಲ. ಎಷ್ಟೋ ಸಲ ಮಳೆಗಾಲ ಶುರುವಾದ ಮೇಲೆಯೇ ಬಿಡುವು ಸಿಗುತ್ತದೆ. ಶಿಬಿರಕ್ಕೆ ಇದರಿಂದ ವ್ಯತ್ಯಾಸವಾಗದು, ಕೊಠಡಿಯೊಳಗೆ ನಡೆಯುತ್ತದೆ. ಇಂಟರ್ನ್‌ಶಿಪ್ಪಿಗೆ ಮಾತ್ರ ಕಾಲ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳಗಳಲ್ಲಿ ಬೋಟುಗಳು ದಡದಲ್ಲಿರುತ್ತವೆ. ಎಂಜಿನ್ ಬಿಚ್ಚುವುದು, ಪ್ರೊಪೆಲ್ಲರ್ ಶಾಫ್ಟಿನ ಬೇರಿಂಗ್ ಬದಲಿಸುವುದು, ಹಲಗೆಗೆ ಫೈಬರ್ ಹೊದಿಸುವುದು, ಬಣ್ಣ ಹೊಡೆಯುವುದು ಎಲ್ಲವೂ ಆಗಲೇ. ಡೀಸೆಲ್ ಎಂಜಿನ್ನಿನ ಒಳಗನ್ನು ನೋಡಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಎರಡು ತಿಂಗಳು ಸಿಗದು. ಐಸ್ ಪ್ಲಾಂಟ್‌ಗಳಲ್ಲಿ ಆಗ ಬೇಡಿಕೆ ಕುಸಿದಿರುತ್ತದೆ, ಆದ್ದರಿಂದ ಯಂತ್ರ ಓಡುವುದನ್ನು ನೋಡಲು ಆ ಅವಧಿ ತಕ್ಕದ್ದಲ್ಲ, ಬಿಚ್ಚುವುದನ್ನು ನೋಡಲು ತಕ್ಕದ್ದು.

ಘಟ್ಟದ ಮೇಲೆ ಲೆಕ್ಕ ಬೇರೆ. ಅಡಿಕೆ ಕೊಯ್ಲು ಚಳಿಗಾಲದ ಕೆಲಸವಾದ್ದರಿಂದ ಸುಲಿಯುವ ಯಂತ್ರಗಳು ಮೇ ತಿಂಗಳಿನಲ್ಲಿ ಮೂಲೆ ಸೇರಿರುತ್ತವೆ. ಆದರೆ ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದ್ದರಿಂದ ಪಂಪುಗಳು, ನಳಿಕೆಗಳು, ನೆಲದಲ್ಲೇ ನಿಂತು ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ಎಲ್ಲವೂ ದುರಸ್ತಿಗೆ ಬರುವುದು ಆ ದಿನಗಳಲ್ಲಿಯೇ. ಶಿರಸಿಯ ಕೃಷಿ ಯಂತ್ರಗಳ ದುರಸ್ತಿ ಅಂಗಡಿಯಲ್ಲಿ ಮೇ ತಿಂಗಳು ಕಳೆದ ವಿದ್ಯಾರ್ಥಿಗೆ ಸುಣ್ಣ ಮತ್ತು ಮೈಲುತುತ್ತದ ಈ ಬೋರ್ಡೋ ದ್ರಾವಣ ಪಂಪಿನ ಒಳಭಾಗಕ್ಕೆ ಏನು ಮಾಡುತ್ತದೆ, ಒಂದೇ ಒಂದು ವಾಷರ್ ಸವೆದರೆ ಒತ್ತಡ ಎಷ್ಟು ಇಳಿಯುತ್ತದೆ ಎಂಬುದು ಬೆರಳ ತುದಿಯಲ್ಲಿರುತ್ತದೆ.

ಖರ್ಚು, ವಸತಿ, ಕ್ರೆಡಿಟ್

ಹತ್ತಿರದಲ್ಲಿ ತಕ್ಕ ಜಾಗ ಸಿಗದಿದ್ದರೆ ಗೋವಾ ಇದೆ. ಕಾರವಾರದಿಂದ ಕೊಂಕಣ ರೈಲಿನಲ್ಲಿ ಮಡಗಾಂವ್ ದೂರವಲ್ಲ, ಅಲ್ಲಿಂದ ವೆರ್ಣಾ ಕೈಗಾರಿಕಾ ವಸಾಹತು ಹತ್ತಿರ. ಆದರೆ ದಿನವೂ ಹೋಗಿ ಬರುವುದು ಪಾಳಿಯ ಸಮಯಕ್ಕೆ ಹೊಂದುವುದಿಲ್ಲ, ಪ್ರವಾಸಿಗರ ಊರುಗಳಲ್ಲಿ ಬಾಡಿಗೆ ದುಬಾರಿ. ಸ್ಟೈಪೆಂಡ್ ಸಿಕ್ಕರೂ ಅದು ವಸತಿಗೇ ಹೋಗುತ್ತದೆ ಎಂದು ಲೆಕ್ಕ ಹಾಕಿ ಹೊರಡುವುದು ಕ್ಷೇಮ. ಹೆಣ್ಣುಮಕ್ಕಳನ್ನು ಕಳುಹಿಸುವ ಮನೆಯವರು ಸಂಬಂಧಿಕರ ಮನೆ ಇದೆಯೋ ಎಂದು ಮೊದಲು ನೋಡುತ್ತಾರೆ; ಅದರ ಜೊತೆಗೆ ಕೆಲಸದ ಜಾಗದಲ್ಲಿ ಬೇರೆ ಮಹಿಳಾ ಸಿಬ್ಬಂದಿ ಇದ್ದಾರೆಯೋ, ಶೌಚಾಲಯವಿದೆಯೋ, ಸಂಜೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದರೆ ಎಷ್ಟೋ ಸಣ್ಣ ಘಟಕಗಳಿಗೂ ನಿಶ್ಚಿಂತೆಯಿಂದ ಕಳುಹಿಸಬಹುದು.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಆದರೆ ಯಾವ ಸೆಮಿಸ್ಟರಿನಲ್ಲಿ, ಎಷ್ಟು ವಾರ ಎಂಬುದು ಸ್ಕೀಮಿನಿಂದ ಸ್ಕೀಮಿಗೆ, ಅಂದರೆ ಪಠ್ಯಕ್ರಮದ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ, ಬದಲಾಗುವುದರಿಂದ ನಿಮ್ಮ ಪ್ರವೇಶ ವರ್ಷದ ನಿಯಮವನ್ನೇ ವಿಭಾಗದಲ್ಲಿ ಕೇಳಬೇಕು. ಹಿರಿಯ ವಿದ್ಯಾರ್ಥಿ ಹೇಳಿದ್ದು ಅವನ ಸ್ಕೀಮಿಗೆ ಸರಿ. ಶಿಬಿರದ ಪ್ರಮಾಣಪತ್ರವನ್ನು ಈ ಕಡ್ಡಾಯ ಇಂಟರ್ನ್‌ಶಿಪ್ಪಿಗೆ ಒಪ್ಪುತ್ತಾರೆಯೋ ಎಂಬುದನ್ನು ಹಣ ಕಟ್ಟುವ ಮೊದಲೇ ಸಂಯೋಜಕರಿಂದ ತಿಳಿದುಕೊಳ್ಳಿ. ಪದವಿಗೆ ಬೇಕಾದ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಚಟುವಟಿಕೆ ಅಂಕಗಳು, ಅಂದರೆ ಸಾಮಾನ್ಯ ವಿದ್ಯಾರ್ಥಿಗಳಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿಯವರಿಗೆ 75, ಬೇರೆಯೇ ಲೆಕ್ಕ. ಅವು ಸಮಾಜಕ್ಕೆ ಉಪಯೋಗವಾಗುವ ಚಟುವಟಿಕೆಗಳಿಗೆ ಸಿಗುವಂಥವು. ಊರಿನ ಸರ್ಕಾರಿ ಶಾಲೆಯ ಮಕ್ಕಳಿಗೆ ನೀವೇ ವಿಜ್ಞಾನ ಶಿಬಿರ ನಡೆಸುವುದಾದರೆ ಅದು ಆ ಅಂಕಗಳಿಗೆ ಸಲ್ಲುತ್ತದೆಯೋ ಎಂದು ಕೇಳಿ ನೋಡಿ. ಶಿಬಿರದಲ್ಲಿ ಕಲಿಯುವುದಕ್ಕಿಂತ ಶಿಬಿರ ನಡೆಸುವಾಗ ಹೆಚ್ಚು ಕಲಿಯುತ್ತೀರಿ ಎಂಬುದು ಬೇರೆ ಮಾತು.

ಯಾರು ಯಾವುದಕ್ಕೆ

ಮೊದಲ ವರ್ಷ ಮುಗಿಸಿದವರು ಶಿಬಿರಕ್ಕೇ ಹೋಗಲಿ, ಅದೂ ಹದಿನೈದು ದಿನಕ್ಕೆ ಮೀರದ, ಒಬ್ಬರಿಗೊಂದು ಕಿಟ್ ಕೊಡುವ ಶಿಬಿರಕ್ಕೆ. ಎರಡನೇ ವರ್ಷದ ನಂತರ ಮನೆಯ ಹತ್ತಿರದ ಸಣ್ಣ ಘಟಕದಲ್ಲಿ ಒಂದು ತಿಂಗಳು ಸಾಕು. ದೊಡ್ಡ ಸ್ಥಾವರವನ್ನು ಮೂರನೇ ವರ್ಷಕ್ಕೆ ಇಟ್ಟುಕೊಳ್ಳಬೇಕು, ಏಕೆಂದರೆ ಅಲ್ಲಿ ಕಾಣುವುದನ್ನು ಅರ್ಥಮಾಡಿಕೊಳ್ಳಲು ವಿಷಯಜ್ಞಾನ ಬೇಕು. ರಿಲೇ ಎಂದರೇನೆಂದು ಗೊತ್ತಿಲ್ಲದವನಿಗೆ ವಿದ್ಯುದಾಗಾರದ ನಿಯಂತ್ರಣ ಕೊಠಡಿ ಬರೀ ದೀಪಗಳ ಗೋಡೆ. ಸಂಶೋಧನೆಯ ಒಲವಿರುವವರು ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳೊಂದಿಗೆ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿನಂಥ ಅವಕಾಶಗಳ ಪ್ರಕಟಣೆಗಳನ್ನು ಬೇಸಿಗೆಗೆ ಬಹಳ ಮೊದಲೇ ಗಮನಿಸುತ್ತಿರಬೇಕು. ಅಪ್ರೆಂಟಿಸ್‌ಶಿಪ್ ಬೇರೆ, ಅದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುವ ತರಬೇತಿ, ಪದವಿ ಮುಗಿದ ಮೇಲೆ ಯೋಚಿಸುವ ವಿಷಯ. ಇನ್ನು, ಕೈಕೆಲಸದ ಅಭ್ಯಾಸ ಮನೆಯಲ್ಲೇ ಆಗಿರುವವರು, ಅಂದರೆ ಗ್ಯಾರೇಜಿನವರ ಮಕ್ಕಳು, ಬೋಟಿನವರ ಮಕ್ಕಳು, ತೋಟದ ಪಂಪು ಬಿಚ್ಚಿ ಜೋಡಿಸಿ ಬೆಳೆದವರು, ಶಿಬಿರಕ್ಕೆ ಹಣ ಹಾಕಬೇಕಾಗಿಲ್ಲ. ಅವರಿಗೆ ಕಡಿಮೆ ಇರುವುದು ಅಳತೆ ಮತ್ತು ಬರವಣಿಗೆ. ಅದಕ್ಕೆ ನೇರವಾಗಿ ಇಂಟರ್ನ್‌ಶಿಪ್ಪೇ ಸರಿ.

ಅರ್ಜಿಯ ಬಗ್ಗೆ ಕೊನೆಯದಾಗಿ ಒಂದೆರಡು ಮಾತು. ಭದ್ರತಾ ಪರಿಶೀಲನೆ ಇರುವ ಕಡೆ ರಜೆಗೆ ಮೂರು ನಾಲ್ಕು ತಿಂಗಳು ಮೊದಲೇ, ಪ್ರಾಂಶುಪಾಲರ ಪತ್ರ ಮತ್ತು ಗುರುತಿನ ದಾಖಲೆಗಳೊಂದಿಗೆ ಕಾಲೇಜಿನ ಮೂಲಕವೇ ಬರೆಯಬೇಕು. ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್ಲಿನಲ್ಲಿಯೂ ನೋಂದಾಯಿಸಿಕೊಳ್ಳಬಹುದು. ಸಣ್ಣ ಘಟಕಕ್ಕೆ ಇಮೇಲ್ ಕಳುಹಿಸಿ ಕಾಯುವುದು ವ್ಯರ್ಥ. ಕಾಲೇಜಿನ ಪತ್ರ ಹಿಡಿದು ಕೆಲಸ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಖುದ್ದಾಗಿ ಹೋಗಿ, ತಾನು ಯಾವ ವರ್ಷದ ವಿದ್ಯಾರ್ಥಿ, ಎಷ್ಟು ವಾರ ಬರಬಲ್ಲೆ, ಯಾವ ಕೆಲಸಕ್ಕೆ ಕೈಜೋಡಿಸಬಲ್ಲೆ ಎಂದು ಮಾಲೀಕರಿಗೆ ಹೇಳಬೇಕು. ಸೇರಿದ ದಿನದಿಂದಲೇ ಲಾಗ್‌ಬುಕ್ ಬರೆಯಬೇಕು, ಮತ್ತು ಅದರಲ್ಲಿ ಕಂಪನಿಯ ಇತಿಹಾಸದ ಬದಲು ಆ ದಿನ ಕಂಡ ಮಾಪಕದ ಅಂಕಿ, ಕೆಟ್ಟ ಭಾಗದ ರೇಖಾಚಿತ್ರ, ಫಿಟ್ಟರ್ ಕೊಟ್ಟ ಕಾರಣ ಇವು ಇರಬೇಕು. ಮೂಲ್ಯಮಾಪನಕ್ಕೆ ಬರುವ ಪರೀಕ್ಷಕರು ಅಚ್ಚುಕಟ್ಟಾಗಿ ಬೈಂಡ್ ಮಾಡಿಸಿದ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ತೆರೆದು ನೋಡುವುದು ಎಣ್ಣೆಯ ಕಲೆ ಹತ್ತಿದ ಆ ಪುಸ್ತಕವನ್ನೇ.